ಬಣ್ಣಕ್ಕೂ ಮೊದಲು ಗೋಡೆಯನ್ನು ನೋಡಿದವರು

ನಮ್ಮ ಯುವಕೇಂದ್ರದ ಅಂಗಳದ ಗೋಡೆಗೆ ಭಿತ್ತಿಚಿತ್ರ ಮಾಡಿಕೊಟ್ಟ ಇಬ್ಬರು ಕಲಾವಿದೆಯರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಮೊದಲ ದಿನ ಬಂದವರು ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಬಿಗಿದು ಹೋದರು. ಮರುದಿನ ಕಿತ್ತಾಗ ಒಳಬದಿಯಲ್ಲಿ ನೀರಿನ ಹನಿಗಳು. ಗೋಡೆ ಇನ್ನೂ ಹಸಿ, ಹೊಸ ಗಾರೆ ಹದವಾಗಿ ಒಣಗಲು ಕನಿಷ್ಠ 28 ದಿನ ಬೇಕು, ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದುಹಾಕುತ್ತದೆ ಎಂದು ಹೇಳಿ ಕೆಲಸ ಮುಂದೂಡಿದರು. ಉದ್ಘಾಟನೆಯ ದಿನ ಗೊತ್ತುಮಾಡಿದ್ದ ನನಗೆ ಸಿಟ್ಟು ಬಂದಿತ್ತು. ಈಗ ಅವರಿಗೆ ಕೃತಜ್ಞಳಾಗಿದ್ದೇನೆ.

ಕಾಯುವ ಆ ದಿನಗಳಲ್ಲಿ ಮಕ್ಕಳೊಂದಿಗೆ ಕುಳಿತರು. ‘ಏನು ಬರೆಯೋಣ’ ಎಂದು ಕೇಳಿದ್ದರೆ ಪಾರಿವಾಳ, ಭೂಗೋಳ, ಕೈಕೈ ಹಿಡಿದ ಸಾಲು ಬರುತ್ತಿತ್ತು. ಅವರು ಕೇಳಿದ್ದು, ‘ಇಲ್ಲಿಗೆ ಬಂದ ಕೂಡಲೇ ನಿಮ್ಮ ಕಣ್ಣಿಗೆ ಬೀಳುವುದೇನು?’ ಎಂದು. ಯಾರೊಂದಿಗೂ ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ಬಾಗಿಲ ಬಳಿಯ ಚಪ್ಪಲಿಗಳನ್ನು ಬರೆದಳು. ಒಂದರ ಉಂಗುಷ್ಟ ಕಿತ್ತಿತ್ತು, ಅದಕ್ಕೆ ಪಿನ್ನು ಚುಚ್ಚಿತ್ತು. ಇಡೀ ಚಿತ್ರದ ಬುಡದಲ್ಲಿ ಈಗ ಆ ಚಪ್ಪಲಿಗಳ ಸಾಲಿದೆ, ಪಿನ್ನೂ ಇದೆ.

ಚಿತ್ರದ ನಕ್ಷೆಯನ್ನು ಗೋಡೆಗೆ ಇಳಿಸಿದ ರೀತಿಯೂ ನನಗೆ ಹೊಸದು. ಚೌಕಗಳನ್ನು ಎಳೆಯುವ ಬದಲು, ಪ್ರೈಮರ್ ಒಣಗಿದ ಗೋಡೆಯ ತುಂಬ ಮಕ್ಕಳಿಂದ ಮನಬಂದಂತೆ ಅಕ್ಷರ, ಸುರುಳಿ, ಹೆಸರು ಗೀಚಿಸಿದರು. ಅದರ ಫೋಟೊ ತೆಗೆದು, ಅದರ ಮೇಲೆ ನಕ್ಷೆಯನ್ನು ಮೊಬೈಲಿನಲ್ಲಿ ಕೂರಿಸಿಕೊಂಡರು. ‘ಈ ‘ಮ’ದ ಕೊಂಬಿನ ಪಕ್ಕದಲ್ಲಿ ಭುಜ ಶುರುವಾಗುತ್ತದೆ’ ಎಂದು ಗುರುತು ಹಿಡಿದು ಗೆರೆ ಎಳೆದರು. ಸಾರುವೆಯ ಮೇಲೆ ದೊಡ್ಡವರಷ್ಟೇ ಹತ್ತಿದರು. ಕೈಗೆಟಕುವ ಭಾಗವೆಲ್ಲ ಮಕ್ಕಳದು.

ಒಂದು ಅಂಕ ಕಡಿತವಾದದ್ದು ಗುಲಾಬಿ ಬಣ್ಣಕ್ಕೆ. ಮಕ್ಕಳು ಹಟ ಹಿಡಿದರೆಂದು ಫ್ಲೋರೊಸೆಂಟ್ ಗುಲಾಬಿ ಬಳಸಿದರು. ಸಂಜೆಯ ಬಿಸಿಲು ನೇರ ಬೀಳುವ ಗೋಡೆಯಲ್ಲಿ ಅದು ಬೇಗ ಮಂಕಾಗುತ್ತದೆಂದು ಅವರಿಗೆ ತಿಳಿದಿತ್ತು, ಹೇಳಲಿಲ್ಲ. ಆರು ತಿಂಗಳಲ್ಲಿ ಬಿಳಿಚಿಕೊಂಡಿತು. ಪಕ್ಕದಲ್ಲಿರುವ ಕಾವಿ ಮತ್ತು ಇಟ್ಟಿಗೆ ಕೆಂಪು ಕಬ್ಬಿಣದ ಆಕ್ಸೈಡಿನವು, ಅವು ಕದಲಿಲ್ಲ. ತಿದ್ದಲು ಬರುತ್ತೇವೆಂದವರು ಬರಲು ಎರಡು ತಿಂಗಳು ತೆಗೆದುಕೊಂಡರು.

ಆದರೆ ಹೊರಡುವಾಗ ಪ್ರತಿ ಬಣ್ಣವನ್ನೂ ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಅದು ಚಿತ್ರದ ಯಾವ ಭಾಗದ್ದೆಂದು ಬರೆದಿಟ್ಟು ಹೋಗಿದ್ದರು. ಹೋದ ವಾರ ಸೈಕಲ್ ತಾಗಿ ಚಪ್ಪಲಿಯ ಹಿಮ್ಮಡಿಯಲ್ಲಿ ಚಕ್ಕೆ ಎದ್ದಿತು. ಆ ಹುಡುಗಿಯೇ ‘ಚಪ್ಪಲಿ, ಎಡಗಡೆ’ ಎಂದಿದ್ದ ಡಬ್ಬಿ ತೆರೆದು ಸರಿಮಾಡಿದಳು.