ಮಡಚುವ ಏಡಿ ಬೋನು: ಎರಡು ವರ್ಷ ಬಳಸಿದ ಮೇಲೆ

ಬೋನಿನ ಜೊತೆ ಬರುವ ನೀಲಿ ಹಗ್ಗವನ್ನು ಮನೆಗೆ ಬಂದ ದಿನವೇ ಬಿಚ್ಚಿ ಬಟ್ಟೆ ಒಣಗಿಸಲು ಕಟ್ಟಿಬಿಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ.

ಕೊಡೆಯಂತೆ ಬಿಚ್ಚಿಕೊಳ್ಳುವ, ಸುತ್ತಲೂ ಬಾಯಿಗಳಿರುವ ಈ ಬೋನನ್ನು ಆನ್‌ಲೈನ್‌ನಲ್ಲಿ ನೋಡಿಯೇ ಇರುತ್ತೀರಿ. ಒಂದಕ್ಕೆ 650 ರೂಪಾಯಿಯಂತೆ ಎರಡು ತರಿಸಿದೆ, ಮಾರಾಟಕ್ಕಲ್ಲ. ಕುಂಬಳೆಯ ಬಳಿ ಶಿರಿಯ ಹೊಳೆಯ ದಂಡೆಯಲ್ಲಿ ನಮ್ಮ ಮನೆ. ಭಾನುವಾರದ ಸುಕ್ಕಕ್ಕೆ ನಾಲ್ಕು ಏಡಿ ಸಿಕ್ಕಿದರೆ ಧಾರಾಳವಾಯಿತು.

ಶನಿವಾರ ಬಂಗುಡೆ, ಬೂತಾಯಿಯ ತಲೆಗಳನ್ನು ಅಮ್ಮ ಬೆಕ್ಕಿಗೆ ಹಾಕದೆ ತೆಗೆದಿಡುತ್ತಾರೆ. ಬೆಕ್ಕಿಗೆ ಇದರಿಂದ ನನ್ನ ಮೇಲೆ ಸಿಟ್ಟಿದೆ. ತಲೆಗಳನ್ನು ನಡುವಿನ ಚೀಲಕ್ಕೆ ತುಂಬಿ, ಉಬ್ಬರ ಏರುವ ಹೊತ್ತಿಗೆ ಕಾಂಡ್ಲಾ ಗಿಡಗಳ ಬುಡದಲ್ಲಿ ಬೋನು ಇಳಿಸುತ್ತೇನೆ. ಎಣ್ಣೆ ಮೀನಿನ ವಾಸನೆ ನೀರಿನಲ್ಲಿ ದೂರ ಹೋಗುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಪ್ರತಿ ವಾರ ಹೊತ್ತು ಬೇರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನೂ ಪೆನ್ಸಿಲಿನಿಂದ ಬರೆದಿಡುತ್ತೇನೆ.

ಬೆಳಗ್ಗೆ ಎತ್ತುವಾಗ ಹಗ್ಗಕ್ಕೆ ಭಾರ ತಾಗುತ್ತದಲ್ಲ, ದುಡ್ಡು ಕೊಟ್ಟದ್ದು ಆ ಗಳಿಗೆಗೇ. ಮೊದಲು ಹೊಟ್ಟೆ ನೋಡುವುದು: ಗಂಡಿನದು ಕಿರಿದಾದ ತ್ರಿಕೋನ, ಬೆಳೆದ ಹೆಣ್ಣಿನದು ಅಗಲ. ಹೆಣ್ಣು ಮೊಟ್ಟೆ ಬಿಡಲು ಕಡಲಿಗೆ ಇಳಿಯುವುದರಿಂದ ಮೊಟ್ಟೆ ಹೊತ್ತದ್ದು ಹೊಳೆಯಲ್ಲಿ ಅಪರೂಪ. ಸಿಕ್ಕಿದರೆ ತಿರುಗಿ ನೀರಿಗೆ. ಆಮೇಲೆ ಚಿಪ್ಪಿನ ಅಡಿಭಾಗವನ್ನು ಹೆಬ್ಬೆರಳಿನಿಂದ ಒತ್ತುವುದು. ತಗ್ಗಿದರೆ ಅದು ಚಿಪ್ಪು ಕಳಚಿ ಹೆಚ್ಚು ದಿನವಾಗಿಲ್ಲ, ಒಳಗೆ ಬರೀ ನೀರು. ಅದಕ್ಕೂ ಬಿಡುಗಡೆ.

ಈಗ ಹಗ್ಗದ ವಿಷಯ. ಅದು ಪಾಲಿಪ್ರೊಪಿಲೀನ್, ನೀರಿಗಿಂತ ಹಗುರ. ಇಳಿತದಲ್ಲಿ ನೀರು ತಗ್ಗಿದಂತೆ ಉಳಿದ ಹಗ್ಗವೆಲ್ಲ ಮೇಲೆ ಬಂದು ಒಳ್ಳೆ ಹಾವಿನಂತೆ ಹರಡಿಕೊಂಡು ಬಿದ್ದಿರುತ್ತದೆ. ಕಳೆದ ಫೆಬ್ರವರಿಯಲ್ಲಿ ಯಾವುದೋ ದೋಣಿಯ ಮೋಟರಿಗೆ ಸಿಕ್ಕಿ ತುಂಡಾಯಿತು. ಬೋನು ಹೋಯಿತು, 650 ರೂಪಾಯಿ ಹೋಯಿತು ಎಂದು ಎರಡು ದಿನ ಗೊಣಗಿ ಮರೆತೆ. ಮಾರಾಟಗಾರರಿಗೆ ಬರೆದರೆ ಅದೇ ಹಗ್ಗದ ಇನ್ನೊಂದು ಸುರುಳಿ ಕಳುಹಿಸಿದರು!

ಮೂರು ವಾರದ ನಂತರ ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ಕೆಸರಿನಿಂದ ತಂತಿಯ ಮೂಲೆಯೊಂದು ಎದ್ದು ಕಾಣಿಸಿತು. ಮೊಣಕಾಲುದ್ದ ಹೂತು ಹೋಗಿ ಎಳೆದೆ. ಒಳಗೆ ಮೂರು ಖಾಲಿ ಚಿಪ್ಪು, ಒಂದು ಅರೆಬರೆ ತಿಂದ ಏಡಿ, ಜೀವ ಹಿಡಿದುಕೊಂಡಿದ್ದ ಇನ್ನೊಂದು, ಅದಕ್ಕೂ ಒಂದೇ ಕೊಂಬು. ನಾನು ಇಟ್ಟ ಬೂತಾಯಿ ತಲೆ ಮುಗಿದು ಎಷ್ಟು ದಿನವಾಗಿತ್ತೋ! ಸತ್ತದ್ದೇ ಮುಂದಿನದಕ್ಕೆ ಎರೆಯಾಗಿತ್ತು. ನೈಲಾನ್ ಬಲೆ ಕೊಳೆಯುವುದಿಲ್ಲ, ಬೋನು ತನ್ನ ಪಾಡಿಗೆ ಹಿಡಿಯುತ್ತಲೇ ಇತ್ತು. ಆ ಭಾನುವಾರ ನನಗೆ ಏಡಿ ಸೇರಲಿಲ್ಲ.

ಎರಡೂ ಬೋನುಗಳನ್ನು ಎಸೆಯಬೇಕೆಂದಿದ್ದೆ. ಎಸೆಯಲಿಲ್ಲ, ರಿಪೇರಿ ಮಾಡಿದೆ. ಈಗ ಕಟ್ಟಿರುವುದು ನೀರಿನಲ್ಲಿ ಮುಳುಗುವ ನೈಲಾನ್ ಹಗ್ಗ. ಬಲೆಯ ಒಂದು ಬದಿಯಲ್ಲಿ ದೊಡ್ಡ ಏಡಿ ನುಸುಳುವಷ್ಟು ಕತ್ತರಿಸಿ, ಅಮ್ಮ ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ಹೊಲಿದಿದ್ದೇನೆ. ಬೋನು ಕಳೆದುಹೋದರೆ ನಾರು ಕೊಳೆತು ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ತೆಂಗಿನ ಹುರಿ ಬೇಡ, ಅದು ಉಪ್ಪುನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ನಾರು ಮೆತ್ತಗಾದಾಗಲೆಲ್ಲ ಹೊಸದು ಹೊಲಿಯಬೇಕು; ಐದು ನಿಮಿಷದ ಕೆಲಸ. ಕಾರ್ಖಾನೆಯವರಿಗೆ ಇದು ಯಾಕೆ ಹೊಳೆಯಲಿಲ್ಲವೋ.

ತಂತಿ ಮೊದಲ ಮಳೆಗಾಲದ ಹೊತ್ತಿಗೇ ತುಕ್ಕು ಹಿಡಿಯಿತು, ಬಣ್ಣ ಹೊಡೆದೆ. ಆಟಿಯಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಹೇಗೂ ಬೋನು ಅಟ್ಟದಲ್ಲಿರುತ್ತದೆ. ಬೋನಿಗೆ ನಾಲ್ಕು ನಕ್ಷತ್ರ, ಹಗ್ಗಕ್ಕೆ ಸೊನ್ನೆ.

ಕಳೆದ ಭಾನುವಾರ ಎತ್ತಿದಾಗ ಚೀಲ ಖಾಲಿ, ಬಾಳೆನಾರು ನೀಟಾಗಿ ತುಂಡಾಗಿತ್ತು, ಕೊಂಬಿನಿಂದ ಕತ್ತರಿಸಿದ ಹಾಗೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ.