ನಾಯಿಕೊಡೆ ಎದ್ದ ಪಾಟಿಂಗ್ ಮಿಕ್ಸ್: ನಾಲ್ಕು ತಿಂಗಳು ಬಳಸಿದ ಮೇಲೆ

ಕುಂಡಗಳಿಗೆ ಮಣ್ಣು ಕಲಸುವ ಶ್ರಮ ತಪ್ಪಲೆಂದು ನಾಲ್ಕು ತಿಂಗಳ ಹಿಂದೆ ಸಿದ್ಧ ಪಾಟಿಂಗ್ ಮಿಕ್ಸ್‌ನ 10 ಕಿಲೋ ತೂಕದ ಎರಡು ಚೀಲಗಳನ್ನೂ, ಅದೇ ತಯಾರಕರ ಮರದ ಚಕ್ಕೆಯ ಒಂದು ಚೀಲವನ್ನೂ ಆನ್‌ಲೈನ್‌ನಲ್ಲಿ ತರಿಸಿದ್ದೆ. ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಮತ್ತು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಬಿಳಿ ಹರಳು) ಸೇರಿದ ಮಿಶ್ರಣವೆಂದು ಚೀಲದ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿಯೂ, ‘ನಿರ್ಜಂತುಕ, ಶಿಲೀಂಧ್ರಮುಕ್ತ’ ಎಂದು ಮುಂಬದಿಯಲ್ಲಿ ದಪ್ಪಕ್ಷರಗಳಲ್ಲಿಯೂ ಅಚ್ಚಾಗಿತ್ತು. ಈ ವಿಮರ್ಶೆ ಬರೆಯಬೇಕೆನಿಸಿದ್ದು ಆ ದಪ್ಪಕ್ಷರಗಳಿಂದಾಗಿಯೇ.

ಮಿಶ್ರಣದ ಗುಣದ ಬಗ್ಗೆ ನನಗೆ ದೂರಿಲ್ಲ. ಹಗುರವಾಗಿದೆ, ನೀರು ಚೆನ್ನಾಗಿ ಬಸಿಯುತ್ತದೆ, ಕಳೆ ಹುಟ್ಟಲಿಲ್ಲ, ಹೊಸದಾಗಿ ನೆಟ್ಟ ಮನಿಪ್ಲಾಂಟ್ ಎರಡೇ ವಾರದಲ್ಲಿ ಚಿಗುರಿತು.

ಹದಿನೆಂಟನೆಯ ದಿನ ಬೆಳಿಗ್ಗೆ ಅದೇ ಕುಂಡದ ಅಂಚಿನಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಗಾತ್ರದ, ನಿಂಬೆಹಣ್ಣಿನ ಬಣ್ಣದ ಐದಾರು ಗುಂಡುಗಳು ಕಾಣಿಸಿದವು. ಯಾರೋ ಮಕ್ಕಳು ಪ್ಲಾಸ್ಟಿಕ್ ಮಣಿ ಚೆಲ್ಲಿರಬೇಕೆಂದುಕೊಂಡೆ. ಮರುದಿನ ಅವು ಮಡಿಸಿಟ್ಟ ಕೊಡೆಗಳಂತೆ ಉದ್ದವಾಗಿ ನಿಂತಿದ್ದವು. ಮೂರನೆಯ ದಿನ ಟೋಪಿ ಬಿಚ್ಚಿಕೊಂಡಾಗ ಅದರ ಮೇಲೆ ಬೆರಳಿಗೆ ಅಂಟುವ ಹಳದಿ ಹುಡಿಯಿತ್ತು, ಅಂಚಿನಲ್ಲಿ ನೆರಿಗೆ ಹಿಡಿದಂತಹ ಗೆರೆಗಳಿದ್ದವು, ಸಂಜೆಯ ಹೊತ್ತಿಗೆ ಎಲ್ಲವೂ ಜೋತುಬಿದ್ದಿದ್ದವು. ‘ನಾಯಿಕೊಡೆಗಳಂತೆ ತಲೆ ಎತ್ತಿವೆ’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿ ಓದಿ ಸಾಕಾಗಿದ್ದ ನನಗೆ, ಅವು ನಿಜಕ್ಕೂ ತಲೆ ಎತ್ತುವುದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಇದರ ವೈಜ್ಞಾನಿಕ ಹೆಸರು ಲ್ಯೂಕೋಕಾಪ್ರಿನಸ್ ಬಿರ್ನ್‌ಬೌಮಿ. ಆಗಸ್ಟ್ ಕೋರ್ಡಾ ಎಂಬ ಶಿಲೀಂಧ್ರತಜ್ಞ 1839ರಲ್ಲಿ ಪ್ರಾಗ್ ನಗರದ ಗಾಜಿನಮನೆಯೊಂದರಲ್ಲಿ ಸಿಕ್ಕ ಈ ಅಣಬೆಗೆ, ಅದನ್ನು ಮೊದಲು ಗಮನಿಸಿದ್ದ ಉದ್ಯಾನದ ಮೇಲ್ವಿಚಾರಕ ಬಿರ್ನ್‌ಬೌಮ್‌ನ ಹೆಸರನ್ನೇ ಇಟ್ಟ. ಅಂದಿನಿಂದ ಇಂದಿನವರೆಗೂ ಬೆಚ್ಚಗಿನ, ತೇವವಿರುವ ಕುಂಡಗಳು ಇದರ ಮೆಚ್ಚಿನ ನೆಲೆಗಳಲ್ಲೊಂದು. ಇದು ಜೀವಂತ ಬೇರನ್ನು ತಿನ್ನುವುದಿಲ್ಲ. ಕೊಳೆಯುತ್ತಿರುವ ನಾರು, ಗೊಬ್ಬರಗಳನ್ನೇ ಉಂಡು ಬದುಕುತ್ತದೆ. ಆದುದರಿಂದ ಅಣಬೆ ಬಂತೆಂಬ ಕಾರಣಕ್ಕೆ ಈ ಮಿಶ್ರಣದ ಅಂಕ ಕಳೆಯುವುದು ನ್ಯಾಯವಲ್ಲ. ಎರೆಹುಳು ಗೊಬ್ಬರವೆಂದರೆ ಜೀವಿಗಳಿಂದ ತುಂಬಿದ ವಸ್ತು, ಅದನ್ನು ಬೆರೆಸಿದ ಚೀಲ ನಿರ್ಜಂತುಕವಾಗಿರುವುದಾದರೂ ಹೇಗೆ? ಒಂದು ವೇಳೆ ಬಿಸಿ ಹಬೆಯಲ್ಲಿ ಶುದ್ಧಗೊಳಿಸಿದ್ದರೂ, ಬಾಯಿ ಬಿಚ್ಚಿದ ಮೇಲೆ ಗಾಳಿಯಲ್ಲಿ ತೇಲಿ ಬರುವ, ಶಿಲೀಂಧ್ರದ ಬೀಜಗಳಂತಿರುವ ಬೀಜಕಗಳಿಗೆ ಪೈಪೋಟಿಯೇ ಇಲ್ಲದ ಹಸನಾದ ನೆಲ ಸಿಕ್ಕಂತಾಗುತ್ತದೆ.

ನನ್ನ ತಕರಾರು ಇರುವುದು ಚೀಲದ ಮೇಲೆ ಬರೆಯದೆ ಬಿಟ್ಟ ಸಂಗತಿಯ ಬಗ್ಗೆ. ಈ ಅಣಬೆಯನ್ನು ತಿಂದರೆ ಹೊಟ್ಟೆ ಕೆಡುತ್ತದೆ, ಮತ್ತು ಇದರ ಬಣ್ಣವೋ ಮಗುವಿನ ಕೈಯನ್ನು ಕರೆದು ತರುವಂಥದ್ದು. ‘ಅಣಬೆ ಮೂಡಬಹುದು, ಗಿಡಕ್ಕೆ ತೊಂದರೆಯಿಲ್ಲ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಕಿತ್ತುಹಾಕಿ’ ಎಂಬ ಒಂದು ಸಾಲಿಗೆ ಆ ಚೀಲದಲ್ಲಿ ಬೇಕಾದಷ್ಟು ಜಾಗವಿತ್ತು.

ಮರದ ಚಕ್ಕೆಯ ಕಥೆ ಇನ್ನೂ ವಿಚಿತ್ರ. ಸತತ ಮಳೆ ಸುರಿದ ವಾರದಲ್ಲಿ ದಾಸವಾಳದ ಬುಡದ ಚಕ್ಕೆಗಳ ಮೇಲೆ, ಒಡೆದ ಮೊಟ್ಟೆಯನ್ನು ಕಲಸಿ ಸುರಿದಂತಹ ಅಂಗೈಯಗಲದ ಹಳದಿ ಲೋಳೆ ಹರಡಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಅದು ಒಂದು ಗೇಣು ಸರಿದಿತ್ತು! ಇದು ಫುಲಿಗೋ ಸೆಪ್ಟಿಕಾ. ನೋಡಲು ಬೂಷ್ಟಿನಂತಿದ್ದರೂ ಶಿಲೀಂಧ್ರಗಳ ಕುಲಕ್ಕೆ ಸೇರಿದ್ದಲ್ಲ, ಬ್ಯಾಕ್ಟೀರಿಯಾಗಳನ್ನು ನುಂಗುತ್ತ ತೆವಳುವ ಅಮೀಬಾದಂತಹ ಜೀವಿ. ಎರಡು ದಿನಗಳಲ್ಲಿ ಒಣಗಿ, ಮುಟ್ಟಿದರೆ ಕಂದು ಹುಡಿ ಹಾರುವ ಹಕ್ಕಳೆಯಾಯಿತು.

ಅದಾದ ಮೇಲೆ ದಾಸವಾಳದ ಕಾಂಡಕ್ಕೆ ಕಪ್ಪು ಕಾಳುಗಳು ಅಂಟಿಕೊಂಡವು. ಕೀಟದ ಮೊಟ್ಟೆಗಳೆಂದು ಉಜ್ಜಿ ತೆಗೆಯಲು ಹೋದರೆ ಒಂದೊಂದಕ್ಕೂ ಕೂದಲಿಗಿಂತ ತೆಳುವಾದ ಎಳೆ ಇತ್ತು. ಕೆಳಗೆ ಚಕ್ಕೆಗಳನ್ನು ಕೆದಕಿ ನೋಡಿದಾಗ ಗುಟ್ಟು ಬಯಲಾಯಿತು: ಒಂದು ಸೆಂಟಿಮೀಟರ್‌ಗಿಂತಲೂ ಕಿರಿದಾದ ಬಟ್ಟಲುಗಳು, ಒಳಗೆ ನಾಲ್ಕೈದು ಮೊಟ್ಟೆಗಳಿರುವ ಹಕ್ಕಿಗೂಡಿನ ಪುಟ್ಟ ಪ್ರತಿರೂಪಗಳು. ಸಯಾಥಸ್ ಎಂಬ ಈ ಶಿಲೀಂಧ್ರದ ಬಟ್ಟಲಿಗೆ ಮಳೆಹನಿ ಬಿದ್ದಾಗ ಬೀಜಕ ತುಂಬಿದ ಆ ‘ಮೊಟ್ಟೆ’ ಚಿಮ್ಮಿ, ಬಾಲದಂತಹ ಎಳೆಯಿಂದ ಸಿಕ್ಕಿದ್ದಕ್ಕೆ ಸುತ್ತಿಕೊಳ್ಳುತ್ತದೆ. ಚಕ್ಕೆಯ ಚೀಲಕ್ಕೆ ಕೊಟ್ಟ ಹಣ ಈ ಒಂದು ನೋಟಕ್ಕೇ ಸಂದಿತೆಂದು ನಾನು ಹೇಳಿದರೆ ಮನೆಯವರು ಒಪ್ಪುವುದಿಲ್ಲ.

ಗ್ರಾಹಕ ಸೇವೆಗೆ ಚಿತ್ರಗಳನ್ನು ಕಳುಹಿಸಿದಾಗ ಬಂದ ಉತ್ತರ ಮಾತ್ರ ನಿರಾಶೆ ತಂದಿತು. ಅವರದೇ ಶಿಲೀಂಧ್ರನಾಶಕವನ್ನು ಕೊಂಡು ವಾರಕ್ಕೊಮ್ಮೆ ಸಿಂಪಡಿಸಬೇಕಂತೆ. ಹಟಕ್ಕೆ ಬಿದ್ದು ಒಂದು ಕುಂಡಕ್ಕೆ ಸಿಂಪಡಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟೆ. ಸಿಂಪಡಿಸಿದ ಕುಂಡದಲ್ಲಿ ಒಂಬತ್ತು ದಿನಗಳ ನಂತರ ಅಣಬೆ ಮತ್ತೆ ಎದ್ದಿತು. ಮೇಲೆ ಕಾಣುವುದು ಫಲ ಮಾತ್ರ, ಅದರ ಎಳೆಗಳ ಜಾಲ ಮಿಶ್ರಣದ ಒಳಗೆಲ್ಲ ಹಬ್ಬಿರುವಾಗ ಮೇಲ್ಮೈಗೆ ಔಷಧಿ ಹೊಡೆದು ಫಲವೇನು? ಇನ್ನೊಂದು ಕುಂಡದಲ್ಲಿ, ಮೇಲ್ಪದರ ಒಣಗಿದ ಬಳಿಕವಷ್ಟೇ ನೀರು ಹಾಕುವ ರೂಢಿ ಮಾಡಿಕೊಂಡ ಮೇಲೆ ಅಣಬೆಗಳು ತಾವಾಗಿಯೇ ವಿರಳವಾದವು.

ಆದರೆ ಒಣಗಿಸುವುದನ್ನು ಅತಿಮಾಡಬಾರದು. ಒಮ್ಮೆ ಊರಿಗೆ ಹೋಗಿ ಬಂದಾಗ ಬಿಳಿ ಎಳೆಗಳು ಹೆಣೆದುಕೊಂಡಿದ್ದ ಮಿಶ್ರಣ ಗಟ್ಟಿಯಾಗಿ, ಸುರಿದ ನೀರು ಒಳಗಿಳಿಯದೆ ಕುಂಡದ ಪಕ್ಕದಿಂದಲೇ ಜಾರಿ ಹೋಗುತ್ತಿತ್ತು. ಕುಂಡವನ್ನೇ ಅರ್ಧ ಗಂಟೆ ನೀರಿನ ಬೋಗುಣಿಯಲ್ಲಿ ಕೂರಿಸಿ, ಕಡ್ಡಿಯಿಂದ ಅಲ್ಲಲ್ಲಿ ತೂತು ಮಾಡಿದ ಮೇಲೆ ಸರಿಹೋಯಿತು.

ಮಿಶ್ರಣಕ್ಕೆ ಐದರಲ್ಲಿ ನಾಲ್ಕು, ಚಕ್ಕೆಗೆ ಮೂರು, ಗ್ರಾಹಕ ಸೇವೆಗೆ ಒಂದು ಅಂಕ ಕೊಡುತ್ತೇನೆ. ಅಂಬೆಗಾಲಿಡುವ ಮಗುವೋ ಎಲ್ಲದಕ್ಕೂ ಬಾಯಿ ಹಾಕುವ ನಾಯಿಯೋ ಇರುವ ಮನೆಯವರು ಈ ಕುಂಡಗಳನ್ನು ಎತ್ತರದಲ್ಲಿಡುವುದು ಕ್ಷೇಮ. ಕಳೆದ ವಾರ ನಾನು ಮಿಶ್ರಣದ ಮೂರನೆಯ ಚೀಲವನ್ನು ತರಿಸಿದೆ. ಅದರ ಮೇಲೂ ಅದೇ ದಪ್ಪಕ್ಷರಗಳಿವೆ.