ಪಾಕೀಟಿನ ಮೇಲೆ ಲಿಂಬು, ಒಳಗೆ ಬೂಷ್ಟಿನ ಹುಳಿ

ಕುಮಟಾ ಪೇಟೆಲಿ ಒಂದು ಕಿರಾಣಿ ಅಂಗಡಿಲಿ 100 ಗ್ರಾಂ ಸಿಟ್ರಿಕ್ ಆಸಿಡ್ ತಗೊಂಡೆ, 40 ರೂಪಾಯಿ. ಬೋರ್‌ವೆಲ್ ನೀರು ಕಾಸಿ ಕಾಸಿ ಕೆಟಲ್ ಒಳಗೆ ಬಿಳಿ ಪದರ ಕಟ್ಟಿತ್ತು, 2 ಚಮಚ ಹಾಕಿ ಕುದಿಸಿ ಅರ್ಧ ತಾಸು ಬಿಟ್ಟೆ, ಉಜ್ಜದೇನೇ ಕಳಚ್ಕೊಂಡು ಬಂತು. ಮುರುಗಲು ಶರಬತ್ತಿಗೂ ಚಿಟಿಕೆ ಹಾಕಿ ನೋಡಿದೆ, ಬೇಡ ಮಾರಾಯ್ರೆ, ಮುರುಗಲಿಗೆ ಅದರದ್ದೇ ಹುಳಿ ಸಾಕು.

ನನ್ನ ತಕರಾರು ಪಾಕೀಟಿನ ಮೇಲಿನ ಲಿಂಬು ಚಿತ್ರದ್ದು. 1917ರಲ್ಲಿ ಜೇಮ್ಸ್ ಕರಿ ಅನ್ನೋರು ಆಸ್ಪರ್ಜಿಲಸ್ ನೈಗರ್ ಅನ್ನೋ ಕಪ್ಪು ಬೂಷ್ಟು ಸಕ್ಕರೆ ನೀರಲ್ಲಿ ಈ ಆಸಿಡ್ ಧಾರಾಳ ಮಾಡತ್ತೆ ಅಂತ ತೋರಿಸಿದ್ರು, ಆಮೇಲೆ ಲಿಂಬು ಹಿಂಡಿ ಆಸಿಡ್ ತೆಗೆಯೋ ಇಟಲಿಯವರ ಧಂದೆ ಕೂತೇ ಹೋಯ್ತು. ಜಡೆ ಹೆಣೆದ ಕುಮಟಾ ಈರುಳ್ಳಿ ತಂದು ನೇತು ಹಾಕಿದ್ರೆ ಮಳೆಗಾಲದಲ್ಲಿ ಸಿಪ್ಪೆ ಕೆಳಗೆ ಕಪ್ಪು ಪುಡಿ ಹಿಡೀತದಲ್ಲ, ಅದೇ ಬಳಗ. ಹಾಗಂತ ಈರುಳ್ಳಿ ಮೇಲಿಂದು ಕೆರೆದು ಟ್ಯಾಂಕಿಗೆ ಹಾಕಿದ್ರೆ ಫ್ಯಾಕ್ಟರಿ ನಡಿಯಲ್ಲ. ತಳಿ ಸುಧಾರಿಸೋಕೆ ಬೀಜಕಣಕ್ಕೆ ಯುವಿ ಲೈಟು ಇಲ್ಲಾ ಕೋಬಾಲ್ಟ್-60 ಅನ್ನೋ ವಿಕಿರಣ ವಸ್ತುವಿನ ಗಾಮಾ ಕಿರಣ ಹೊಡೀತಾರೆ, ಹೆಚ್ಚಿನವು ಸತ್ತೇ ಹೋಗ್ತವೆ, ಉಳಿದಿದ್ದರ ಡಿಎನ್‌ಎ ಅಲ್ಲಲ್ಲಿ ಬದಲಾಗಿರತ್ತೆ, ಅದರಲ್ಲೂ ಬಹಳಷ್ಟು ಉಪಯೋಗಕ್ಕೆ ಬರಲ್ಲ, ಎಲ್ಲೋ ಒಂದು ಮಾತ್ರ ಮೊದಲಿಗಿಂತ ಜಾಸ್ತಿ ಹುಳಿ ಬಿಡತ್ತೆ. ಅದನ್ನ ಹುಡುಕೋಕೆ ಬೂಷ್ಟು ಬೆಳೆಸೋ ಪ್ಲೇಟಲ್ಲಿ ಹುಳಿ ತಾಗಿದ್ರೆ ಹಳದಿ ಆಗೋ ಬಣ್ಣದ ಇಂಡಿಕೇಟರ್ ಹಾಕ್ತಾರೆ, ಯಾವ ಬೂಷ್ಟಿನ ಸುತ್ತ ಹಳದಿ ಉಂಗುರ ಅಗಲ ಇದೆಯೋ ಅದನ್ನ ಎತ್ಕೊಂಡು ಫ್ಲಾಸ್ಕಲ್ಲಿ ಬೆಳೆಸಿ ಆಸಿಡ್ ಅಳೆದು ಮತ್ತೆ ಕಿರಣ, ಮತ್ತೆ ಆರಿಸೋದು. ಯುವಿ ಹೊಡಿಯೋದು ಕೆಲವು ನಿಮಿಷ, ಆರಿಸೋದೇ ತಿಂಗಳುಗಟ್ಟಲೆ. ಇಷ್ಟು ಕಷ್ಟಪಟ್ಟ ಬೂಷ್ಟಿನ ಚಿತ್ರ ಬಿಟ್ಟು ಲಿಂಬೂದು ಹಾಕೋದಾ?

ಇದನ್ನ ಮನೇಲಿ ಹೇಳಿದ್ದೇ ತಪ್ಪಾಯ್ತು. ಆಯಿ "ತಮಾ, ಇದ್ನ ತಿಂದ್ರೆ ಅಡ್ಡಿಲ್ಯ?" ಅಂತ ಪಾಕೀಟು ದೂರ ಸರಿಸಿದ್ಲು. ರೇಡಿಯೇಶನ್ ಅಂದ್ರೆ ನಮ್ಮ ಕಡೆ ಮೊದಲು ನೆನಪಾಗೋದು ಕೈಗಾ ಅಣುಸ್ಥಾವರ. ಕಿರಣ ತಾಗಿದ ಬೂಷ್ಟು ತಾನೇ ಕಿರಣ ಸೂಸಲ್ಲ, ಟ್ಯಾಂಕಿಗೆ ಬೀಳೋದು ಅದರ ಎಷ್ಟೋ ತಲೆಮಾರು ಆಚೆಯ ಮರಿ, ಅದನ್ನೂ ಸೋಸಿ ಬಿಸಾಕಿ ಉಳಿದ ರಸ ಶುದ್ಧ ಮಾಡಿ ಹರಳು ಮಾಡ್ತಾರೆ. ಲಿಂಬು ರಸದಲ್ಲಿರೋ ಆಸಿಡ್ಡೂ ಇದೂ ಒಂದೇ. ಆಯಿ ಒಪ್ಪಿದ್ಲು, ಆದ್ರೆ ಸಾರಿಗೆ ಲಿಂಬೂನೇ ಹಿಂಡ್ತಾಳೆ.

ಪಾಕೀಟಿಗೆ ಜಿಪ್ ಇಲ್ಲ, ಜುಲೈ ಹವೆಗೆ ಒಂದೇ ವಾರಕ್ಕೆ ಗಡ್ಡೆ ಕಟ್ತು, ತಂದ ದಿನಾನೇ ಗಾಜಿನ ಬಾಟ್ಲಿಗೆ ಹಾಕಿ ಬಿಗಿ ಮುಚ್ಚಳ ಹಾಕಿಡಿ. 5ಕ್ಕೆ 4.